ಹಿತ್ತಲ ಬಾಗಿಲಿನ ನೆನಪು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳನ್ನು ಬಿಟ್ಟು ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ನೆಲಸಿದ ಸುಶಿಕ್ಷಿತರು ತಮ್ಮ ಬಾಲ್ಯದ ಊರನ್ನು ನೆನೆದು ಬರೆಯುವದು ಸ್ತುತ್ಯವಾದ ರೂಢಿಯೇ ಸರಿ. ತಾರಕೇಶ್ವರನ ಗುಡಿಯ ಕಲ್ಲಿನ ಕಮಲ, ಸವಣೂರಿನ ವೀಳ್ಯದೆಲೆ ಮತ್ತು ಖಾರ, ದೊಡ್ಡಹುಣಸೆ ಮಠದ ಮೂರು ಮಹಾವೃಕ್ಷಗಳು, ಹಿರೇಕೆರೂರಿನ ಕೆರೆಯ ಏರಿ, ಇವುಗಳ ವರ್ಣನೆಯನ್ನು ಓದಿ ಯಾರ ಹೃದಯವು ತಾನೆ ಆರ್ದ್ರವಾಗಲಿಕ್ಕಿಲ್ಲ? 1948ರಲ್ಲಿ ನವಾಬರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1997ರಲ್ಲಿ ಧಾರವಾಡ ಜಿಲ್ಲೆಯು ಒಡೆದು ಹಾವೇರಿಯು ಜಿಲ್ಲೆಯಾಯಿತು. ಅಗಸಿಗಳು ಬಿದ್ದವು, ವಾಡೆಗಳು ಮಾರಿಹೋದವು. ಅಳಿದುದನ್ನು ಅಕ್ಷರದಲ್ಲಿ ಉಳಿಸುವದು ಧರ್ಮವೇ ಅಹುದು.

ಆದರೆ ಈ ಬರಹಗಳೆಲ್ಲವೂ ಮನೆಯನ್ನು ಮುಂಬಾಗಿಲಿನಿಂದ ಹೊಗುತ್ತವೆ. ಕಟ್ಟೆ, ಪಡಸಾಲೆ, ದೇವರ ಮನೆ, ಅಡಿಗೆಯ ಮನೆಗಳನ್ನು ದಾಟಿ ಹಿತ್ತಲ ಬಾಗಿಲಿಗೆ ಬಂದೊಡನೆಯೇ ಲೇಖನಿಯು ನಿಂತುಬಿಡುವದು. ಆ ಬಾಗಿಲಾಚೆಯ ಸಂದಿಯಲ್ಲಿ ಪಾಯಖಾನೆಯ ಕಿಂಡಿ ಇರುತ್ತಿತ್ತು. ಬೆಳಗು ಹರಿಯುವ ಮೊದಲೇ ಭಂಗಿ ಹೆಂಗಸು ಅಲ್ಲಿಗೆ ಬಂದು, ತಗಡಿನ ತುಂಡಿನಿಂದ ಮಲವನ್ನು ಬಳಿದು, ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಹೋಗುವಳು. ಮಳೆಗಾಲದಲ್ಲಿ ಅದು ಅವಳ ಮುಖದ ಮೇಲೆ ಸೋರುವದು. ಮುಂಜಾವದ ಸುಪ್ರಭಾತವನ್ನು ಮರೆಯದ ಸ್ಮೃತಿಕಾರರಿಗೆ ಅದೇ ಮುಂಜಾವದಲ್ಲಿ ಬಂದ ಈ ಹೆಂಗಸಿನ ಹೆಸರು ನೆನಪಿಲ್ಲ. ಸಿಹಿನೀರ ಬಾವಿಯ ರುಚಿಯು ನೆನಪಿದೆ; ಅದರ ಕಟ್ಟೆಯನ್ನೇರಲಾರದೆ, ಕೊಡವನ್ನು ದೂರ ಇಟ್ಟು, ಯಾರಾದರೂ ನೀರು ಸುರುವಿಯಾರೆಂದು ಕಾದು ನಿಂತ ಕೇರಿಯವರು ನೆನಪಿಲ್ಲ.

ಅಮೇರಿಕೆಯ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ನಲ್ಲಿ ಇದ್ದುದನ್ನೂ, 1955ರಿಂದ ಜೋಹಾನ್ಸಬರ್ಗದ ಸೋಫಿಯಾಟೌನ್ ಬಡಾವಣೆಯಿಂದ ಕರಿಯರನ್ನು ಎಬ್ಬಿಸಿ ಮನೆಗಳನ್ನು ಕೆಡವಿದುದನ್ನೂ ಓದಿ ಇವೇ ಮನೆತನಗಳು ಕನಲುತ್ತವೆ. ಕನಲುವದು ಯೋಗ್ಯವೇ. ಆದರೆ ಅಗಸಿಯ ಹೊರಗಿನ ಹೊಲಗೇರಿ ಮಾದರ ಕೇರಿಗಳಿಗೂ ಸೋಫಿಯಾಟೌನಿಗೂ ಇರುವ ಅಂತರವು ಮೈಬಣ್ಣದ್ದಷ್ಟೇ ಅಲ್ಲವೆ?

ಇದಕ್ಕೆ ಕೆಲವರು ಹೇಳುವ ಸಮಾಧಾನವಿದು: ಅಂದು ಯಾರಲ್ಲಿಯೂ ದ್ವೇಷವಿರಲಿಲ್ಲ; ಪ್ರತಿಯೊಬ್ಬರೂ ತಮ್ಮ ತಮ್ಮ ಸ್ಥಳದಲ್ಲಿ ಸುಖಿಗಳಾಗಿದ್ದರು. ಸುಖವನ್ನು ಅಳೆದವರು ಯಾರು? ಹಾನಗಲ್ಲ ಎಂಬ ಹೆಸರನ್ನು ಜಗತ್ತಿಗೆ ಕೇಳಿಸಿದ ಗಂಗೂಬಾಯಿಯವರು ಬೆಳೆದದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ. ನೆರೆಯವರ ಹಿತ್ತಲಲ್ಲಿ ಮಾವಿನಕಾಯಿ ಕದಿಯಹೋದಾಗ, ಕಳವಿಗಿಂತಲೂ ಹಾಡುವವಳ ಮಗಳು ಒಳಗೆ ಕಾಲಿಟ್ಟುದೇ ಆ ಮನೆಯವರಿಗೆ ಘೋರವಾಗಿ ಕಂಡಿತೆಂದು ಅವರೇ ಹೇಳಿಕೊಂಡಿರುವರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮಹಾತ್ಮರ ಎದುರಿನಲ್ಲಿ ಸ್ವಾಗತಗೀತವನ್ನು ಹಾಡಿದ ಆ ಹನ್ನೊಂದು ವರ್ಷದ ಹುಡುಗಿಗಿದ್ದ ಚಿಂತೆಯು ತಾಳರಾಗಗಳದ್ದಲ್ಲ. ಊಟವಾದ ಮೇಲೆ ಉಂಡ ಸ್ಥಳವನ್ನು ಜಾತಿಯ ಕಾರಣದಿಂದ ತಾನೇ ಬಳಿಯಬೇಕಾದೀತೇನೋ ಎಂಬುದು. ಅದೇ ಓಣಿ, ಅದೇ ಮಾವಿನ ಮರ. ಆದರೆ ಬೇಲಿಯ ಆಚೆಯವರ ನೆನಪು ಬೇರೆ, ಈಚೆಯವರ ನೆನಪು ಬೇರೆ.

ಕನಕದಾಸರು ಹುಟ್ಟಿದ ಬಾಡ, ಶರೀಫರು ಗೋವಿಂದ ಭಟ್ಟರ ಶಿಷ್ಯರಾದ ಸೀಮೆ, ಸರ್ವಜ್ಞನದೆಂದು ಪ್ರತೀತಿಯುಳ್ಳ ಅಬಲೂರು ಇರುವಾಗ ಇಲ್ಲಿ ಭೇದವೆಲ್ಲಿಯದು ಎಂದು ಇನ್ನು ಕೆಲವರು ಕೇಳುವರು. ವಾಚಕರೇ ವಿಚಾರಿಸಲಿ: ರೋಗವೇ ಇಲ್ಲದ ಊರಿನಲ್ಲಿ ಇಷ್ಟು ಜನ ವೈದ್ಯರು ಏಕೆ ಹುಟ್ಟಿದರು? ಅವರ ಜಯಂತಿಯನ್ನು ಮಾಡುವದು ಸುಲಭ; ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವದೇ ಕಷ್ಟ.

ಮುಗಿದುಹೋದುದನ್ನು ಕೆದಕುವದೇಕೆ ಎಂಬುದು ಕೊನೆಯ ಆಕ್ಷೇಪ. ಮುಗಿದಿದ್ದರೆ ಸಂತೋಷವೇ ಆಗುತ್ತಿತ್ತು. 1950ರ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ಮಲವನ್ನು ತಲೆಯ ಮೇಲೆ ಹೊರುವದು ಈ ರಾಜ್ಯದಲ್ಲಿ ನಿಷಿದ್ಧವಾಯಿತು; 1993ರಲ್ಲಿ ಕೇಂದ್ರದ ಕಾಯದೆಯೂ ಬಂದಿತು. ಅದಾಗಿ 17 ವರ್ಷಗಳ ತರುವಾಯ, 2010ರ ಜುಲೈ ತಿಂಗಳಲ್ಲಿ, ಸವಣೂರಿನ ಭಂಗಿ ಜನರು ಪುರಸಭೆಯ ಎದುರಿಗೆ ನಿಂತು ತಮ್ಮ ಮೈಮೇಲೆ ಮಲವನ್ನು ಸುರುವಿಕೊಂಡರು. ಬಹುಕಾಲದಿಂದ ವಾಸವಾಗಿದ್ದ ಜಾಗದಿಂದ ತಮ್ಮನ್ನು ಎಬ್ಬಿಸಿ ಅಲ್ಲಿ ವ್ಯಾಪಾರದ ಮಳಿಗೆಗಳನ್ನು ಕಟ್ಟಲೆಣಿಸಿದುದಕ್ಕೆ ಅವರು ಕೊಟ್ಟ ಉತ್ತರವಿದು. ತಲೆತಲಾಂತರ ಊರಿನವರು ಅವರ ತಲೆಯ ಮೇಲೆ ಹೊರಿಸಿದ್ದನ್ನು ಅವರು ಒಂದು ದಿನ ಊರಿನ ಕಣ್ಣೆದುರಿಗೆ ಇಳಿಸಿದರು. ಅಂದು ಮೂಗು ಮುಚ್ಚಿಕೊಂಡವರೆಷ್ಟೋ ಜನ. ತಮ್ಮ ಹಿತ್ತಲ ಕಿಂಡಿಯನ್ನು ನೆನೆದವರು ಎಷ್ಟು ಜನ?

ಆದುದರಿಂದ ಸ್ಮೃತಿಗಳನ್ನು ಬರೆಯಕೂಡದೆಂದು ಅರ್ಥವಲ್ಲ, ಪೂರ್ತಿಯಾಗಿ ಬರೆಯತಕ್ಕದ್ದು. ಪ್ರತಿಯೊಂದು ಮನೆತನವೂ ತನ್ನ ವಾಡೆಯ ಚರಿತ್ರೆಯಲ್ಲಿ ಹಿತ್ತಲ ಬಾಗಿಲಿಗೆ ಒಂದು ಪುಟವನ್ನು ಮೀಸಲಿಡಲಿ. ಬುಟ್ಟಿ ಹೊತ್ತವಳ ಹೆಸರನ್ನು ಮನೆಯ ವೃದ್ಧರಿಂದ ಕೇಳಿ ತಿಳಿಯಲಿ. ಅವರಿಗೂ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲವೆಂದೇ ಬರೆಯಲಿ. ಜಿಲ್ಲೆಯ ಸಾಹಿತ್ಯಸಂಘಗಳು ಕೇರಿಗಳಿಗೆ ಹೋಗಿ, ಅಲ್ಲಿಯ ಮುದುಕ ಮುದುಕಿಯರು ಹೇಳುವದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಬರಲಿ. ತಡಮಾಡಲಿಕ್ಕೆ ಸಮಯವಿಲ್ಲ. ಬುಟ್ಟಿಯನ್ನು ಹೊತ್ತ ಕೊನೆಯ ತಲೆಗಳು ಈಗ ಹಣ್ಣಾಗಿವೆ.