ಬೆಳೆಯದ ಹಳ್ಳಿಗಳು, ಆಳು ಸಿಗದ ಕಾರ್ಖಾನೆಗಳು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಕಡಕೊಳ ಮತ್ತು ನಂಜನಗೂಡು ಕೈಗಾರಿಕಾ ಪ್ರದೇಶಗಳ ಉದ್ಯಮಿಗಳು ಎಲ್ಲಿ ಕಲೆತರೂ ಒಂದು ದೂರು ತಪ್ಪದೆ ಕೇಳಿಬರುತ್ತದೆ: "ಯಂತ್ರವಿದೆ, ಆರ್ಡರ್ ಇದೆ, ಕೆಲಸಕ್ಕೆ ಜನ ಸಿಗುತ್ತಿಲ್ಲ." ಅದೇ ಸಮಯದಲ್ಲಿ ತಿ. ನರಸೀಪುರ, ಕೊಳ್ಳೇಗಾಲ ಅಥವಾ ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಿಗೆ ಹೋದರೆ ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರ ಮಾತೇ ಬೇರೆ: "ಹುಡುಗರು ಓದಿದರು, ಕೆಲಸ ಸಿಗಲಿಲ್ಲ." ಮೇಲ್ನೋಟಕ್ಕೆ ಇವೆರಡರಲ್ಲಿ ಒಂದು ಸುಳ್ಳಾಗಿರಬೇಕೆಂದು ತೋರುತ್ತದೆ. ಆದರೆ ಎರಡೂ ನಿಜ. ಇವೆರಡೂ ಏಕಕಾಲಕ್ಕೆ ಹೇಗೆ ನಿಜವಾದವು ಎಂಬುದನ್ನು ಅರಿಯದ ಹೊರತು ನಮ್ಮ ಪ್ರದೇಶದ ಉದ್ಯಮಗಳಿಗೆ ಮುಂದಿನ ದಾರಿ ಕಾಣುವುದಿಲ್ಲ.

ಅಂಕಿ-ಅಂಶಗಳು ಹೇಳುವುದೇನು?

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಕೋವಿಡ್ ಕಾರಣದಿಂದ ಮುಂದೂಡಲ್ಪಟ್ಟಿದ್ದರಿಂದ 2011ರ ಜನಗಣತಿಯನ್ನೇ ನಾವು ಆಧರಿಸಬೇಕಾಗಿದೆ. ಅದು ಹಳೆಯದಾದರೂ ಪ್ರವೃತ್ತಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. 2001ರಿಂದ 2011ರ ನಡುವಿನ ಹತ್ತು ವರ್ಷಗಳಲ್ಲಿ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಹೆಚ್ಚಿತು. ಇದೇ ಅವಧಿಯಲ್ಲಿ ಚಾಮರಾಜನಗರ ಜಿಲ್ಲೆಯ ಹೆಚ್ಚಳ ಶೇ. 5.7, ಹಾಸನದ್ದು ಶೇ. 3.2, ಮಂಡ್ಯದ್ದು ಶೇ. 2.4; ಕೊಡಗಿನದು ಕೇವಲ ಶೇ. 1.1. ಹಾಸನದ ಆಚೆಗಿನ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆಯಂತೂ 11,40,905ರಿಂದ 11,37,961ಕ್ಕೆ ಇಳಿಯಿತು.

ಚಾಮರಾಜನಗರ, ಹಾಸನ, ಮಂಡ್ಯ, ಕೊಡಗು ಈ ನಾಲ್ಕು ಜಿಲ್ಲೆಗಳಲ್ಲಿ 2001ರಲ್ಲಿ ಒಟ್ಟು ಸುಮಾರು 50 ಲಕ್ಷ ಜನರಿದ್ದರು. ಹತ್ತು ವರ್ಷಗಳಲ್ಲಿ ನಾಲ್ಕೂ ಜಿಲ್ಲೆಗಳಿಗೆ ಸೇರಿ ಹೆಚ್ಚಿದವರು 1.58 ಲಕ್ಷ ಮಾತ್ರ. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆಯೊಂದಕ್ಕೇ 30.84 ಲಕ್ಷ ಜನರು ಸೇರ್ಪಡೆಯಾದರು. ಮೈಸೂರು ಜಿಲ್ಲೆ 26.41 ಲಕ್ಷದಿಂದ 30.01 ಲಕ್ಷಕ್ಕೆ ಏರಿತಾದರೂ ಆ ಹೆಚ್ಚಳದ ಬಹುಪಾಲು ನಗರ ಪ್ರದೇಶದ್ದು. ಅಂದರೆ ನಮ್ಮ ಸುತ್ತಲಿನ ಹಳ್ಳಿಗಳು ಬೆಳೆಯುವುದನ್ನು ಬಹುತೇಕ ನಿಲ್ಲಿಸಿ ದಶಕವೇ ಕಳೆದಿದೆ. ಹಳ್ಳಿಯಲ್ಲಿ ಜನ ಎಷ್ಟು ಬೇಕಾದರೂ ಇದ್ದಾರೆ, ಕರೆದರೆ ಬರುತ್ತಾರೆ ಎಂಬ ಭಾವನೆ ಮಾತ್ರ ನಮ್ಮ ಕಚೇರಿಗಳಲ್ಲಿ ಇನ್ನೂ ಹಾಗೆಯೇ ಉಳಿದಿದೆ.

ಎರಡು ಕಾರಣಗಳು

ಮೊದಲನೆಯದು ಜನನ ಪ್ರಮಾಣದ ಇಳಿಕೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ವಲಸೆಯನ್ನು ಬದಿಗಿಟ್ಟರೆ, ಜನಸಂಖ್ಯೆ ಇದ್ದಷ್ಟೇ ಉಳಿಯಲು ಈ ಸಂಖ್ಯೆ 2.1 ಇರಬೇಕು. ಊರಿನ ಪ್ರಾಥಮಿಕ ಶಾಲೆಯಲ್ಲಿ ಇಂದು ಮಕ್ಕಳು ಕಡಿಮೆಯೆಂದರೆ ಇನ್ನು ಹದಿನೈದು ವರ್ಷಗಳಲ್ಲಿ ನಮ್ಮ ಕಾರ್ಖಾನೆಗಳ ಬಾಗಿಲಿಗೆ ಬರುವವರೂ ಕಡಿಮೆಯೆಂದೇ ಅರ್ಥ.

ಎರಡನೆಯದು ವಲಸೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಮುಂಬಯಿಯಿಂದ ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಜನ ಮರಳಿ ಬಂದಾಗಲೇ, ಅಲ್ಲಿನ ಎಷ್ಟೊಂದು ಕುಟುಂಬಗಳು ಅಷ್ಟು ದೂರದಲ್ಲಿ ಬದುಕು ಕಟ್ಟಿಕೊಂಡಿದ್ದವು ಎಂಬುದು ಹೊರಗಿನವರಿಗೆ ತಿಳಿದದ್ದು. ಬೆಂಗಳೂರಿಗೆ ಹೋದವರಂತೂ ಲೆಕ್ಕಕ್ಕೆ ಸಿಗುವುದಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾದಾಗ ಬಂಡವಾಳ ಮೈಸೂರಿನತ್ತ ಹರಿದು ಬರುವುದೆಂದು ನಾವೆಲ್ಲ ಸಂತೋಷಪಟ್ಟೆವು. ಆದರೆ ರಸ್ತೆಗೆ ಎರಡು ದಿಕ್ಕುಗಳಿರುತ್ತವೆ. ಮದ್ದೂರಿನ ಯುವಕನಿಗೆ ಬೆಂಗಳೂರೂ ಹತ್ತಿರವಾಯಿತು ಎಂಬುದನ್ನು ಗಮನಿಸಬೇಕಾಗಿದೆ.

ಉಳಿದವರ ಸ್ಥಿತಿ

ಹಳ್ಳಿಯಲ್ಲಿ ಉಳಿದವರೆಲ್ಲ ಬೇಸಾಯದಲ್ಲಿದ್ದಾರೆಯೇ? ಅದೂ ಇಲ್ಲ. ರಾಜ್ಯದ ಒಟ್ಟು ದುಡಿಮೆಗಾರರಲ್ಲಿ ಸಾಗುವಳಿದಾರರು ಮತ್ತು ಕೃಷಿ ಕಾರ್ಮಿಕರ ಪಾಲು 2001ರಲ್ಲಿ ಶೇ. 55ಕ್ಕೂ ಹೆಚ್ಚಿದ್ದುದು 2011ರ ವೇಳೆಗೆ ಶೇ. 50ಕ್ಕಿಂತ ತುಸು ಕೆಳಗಿಳಿಯಿತು. ಮಂಡ್ಯದ ಕಬ್ಬಿನ ಗದ್ದೆಗಳಿಗೆ ಕಟಾವಿನ ತಂಡಗಳು ದೂರದ ಜಿಲ್ಲೆಗಳಿಂದ ಬರುತ್ತವೆ. ಒಂದು ಕಾಲದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣಗಳಿಂದ ಕೂಲಿಗೆ ಜನ ಹೋಗುತ್ತಿದ್ದ ಕೊಡಗಿನ ಕಾಫಿ ತೋಟಗಳಲ್ಲಿ ಇಂದು ಅಸ್ಸಾಮಿನ ಕಾರ್ಮಿಕರನ್ನು ಕಾಣುತ್ತೇವೆ. ಹುಣಸೂರು ಭಾಗದ ತಂಬಾಕು ಬೆಳೆಗಾರರಿಗೆ ಎಲೆ ಕೀಳುವ ಮತ್ತು ಬ್ಯಾರನ್ನುಗಳಲ್ಲಿ ಹದಗೊಳಿಸುವ ದಿನಗಳಲ್ಲಿ ಆಳಿನದೇ ಚಿಂತೆ.

2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಅವಿವಾಹಿತ ಯುವಕರ ಗುಂಪೊಂದು ಮದುವೆಯ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿತು. ಪತ್ರಿಕೆಗಳಲ್ಲಿ ಅದನ್ನು ಓದಿ ಹಲವರು ನಕ್ಕಿರಬಹುದು. ಆದರೆ ಕಾಲುವೆ ನೀರಿನ ಜಮೀನಿದ್ದರೂ ಬೇಸಾಯಗಾರನಿಗೆ ಹೆಣ್ಣು ಕೊಡಲು ತಂದೆತಾಯಿಗಳು ಹಿಂಜರಿಯುತ್ತಾರೆಂಬುದು ನಗುವ ವಿಷಯವಲ್ಲ. ಮಾಸಿಕ ವೇತನ ತರುವ ಕೆಲಸಕ್ಕೆ ಹಳ್ಳಿಯಲ್ಲಿ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಹಾಗಾದರೆ ನಮ್ಮಲ್ಲಿಗೇಕೆ ಬರುತ್ತಿಲ್ಲ?

ಇಲ್ಲಿಯೇ ನಾವು ನಮ್ಮನ್ನು ಪ್ರಶ್ನಿಸಿಕೊಳ್ಳಬೇಕಾಗಿದೆ. ಹಳ್ಳಿಯ ಯುವಕನಿಗೆ ನಾವು ನೀಡುತ್ತಿರುವುದು ಬಹಳಷ್ಟು ಸಂದರ್ಭಗಳಲ್ಲಿ ಉದ್ಯೋಗವಲ್ಲ, ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಒಂದು ಸಾಲು. ಆ ಸಂಬಳದಲ್ಲಿ ಅವನು ನಗರದಲ್ಲಿ ಕೊಠಡಿ ಬಾಡಿಗೆ ಕೊಡಬೇಕು, ಊಟ ಮಾಡಬೇಕು, ಊರಿಗೆ ಹೋಗಿಬರಬೇಕು. ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದನ್ನು ಊರಿನಲ್ಲೇ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕಿ ಗಳಿಸುವುದರೊಂದಿಗೆ ಅವನು ಹೋಲಿಸಿ ನೋಡುತ್ತಾನೆ. ಹಾಗೆ ನೋಡುವವನನ್ನು ಸೋಮಾರಿಯೆನ್ನುವುದು ನ್ಯಾಯವಲ್ಲ. ಅವನು ಲೆಕ್ಕ ಬಲ್ಲವನು. ನಾವೂ ಉದ್ಯಮದಲ್ಲಿ ಮಾಡುವುದು ಅದೇ ಲೆಕ್ಕವನ್ನಲ್ಲವೇ?

ಕೆಲಸದ ಅಭದ್ರತೆಯೂ ಜನರ ನೆನಪಿನಲ್ಲಿ ಉಳಿಯುತ್ತದೆ. 2020ರಲ್ಲಿ ಶ್ರೀರಂಗಪಟ್ಟಣದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಮಹಿಳೆಯರು, ದುಡಿಯುತ್ತಿದ್ದ ಸಿದ್ಧ ಉಡುಪು ಘಟಕವೊಂದರ ಕೆಲಸ ನಿಂತಾಗ ಅದರ ಸುದ್ದಿ ಸುತ್ತಲಿನ ಪ್ರತಿ ಹಳ್ಳಿಗೂ ತಲುಪಿತು. ಒಂದು ಘಟಕ ಹೀಗೆ ಕಳೆದುಕೊಂಡ ವಿಶ್ವಾಸಕ್ಕೆ ಇತರ ಘಟಕಗಳೂ ಬೆಲೆ ತೆರಬೇಕಾಗುತ್ತದೆ.

ಹೊರರಾಜ್ಯಗಳ ಕಾರ್ಮಿಕರಿದ್ದಾರಲ್ಲ ಎಂದು ಕೆಲವು ಮಿತ್ರರು ಹೇಳುವುದುಂಟು. ಅವರು ಬರಲಿ, ಅವರ ದುಡಿಮೆಯಿಂದ ನಮ್ಮ ಎಷ್ಟೋ ಘಟಕಗಳು ನಡೆಯುತ್ತಿವೆ. ಆದರೆ ಇದೂ ಬತ್ತದ ಬಾವಿಯಲ್ಲ. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ಪಶ್ಚಿಮ ಬಂಗಾಳದ ಪ್ರಮಾಣ 1.6, ಒಡಿಶಾದ್ದು 1.8, ಅಸ್ಸಾಮಿನದು 1.9. ಬಿಹಾರ, ಉತ್ತರ ಪ್ರದೇಶಗಳಂತಹ ಕೆಲವು ರಾಜ್ಯಗಳನ್ನು ಬಿಟ್ಟರೆ ದೇಶದ ಹೆಚ್ಚಿನ ಭಾಗ ನಮ್ಮ ಹಾದಿಯಲ್ಲಿಯೇ ಸಾಗುತ್ತಿದೆ. ಅಲ್ಲಿಯೂ ಕೈಗಾರಿಕೆಗಳು ಬೆಳೆದ ದಿನ ಆ ಯುವಕರು ಮೈಸೂರಿನವರೆಗೆ ಏಕೆ ಬರಬೇಕು?

ಸಣ್ಣ ಉದ್ಯಮಿಯ ಕಷ್ಟವನ್ನು ಮರೆತು ಈ ಮಾತನ್ನು ಬರೆಯುತ್ತಿಲ್ಲ. ಆರ್ಡರ್ ಒಂದು ತಿಂಗಳು ಇದ್ದರೆ ಇನ್ನೊಂದು ತಿಂಗಳು ಇರುವುದಿಲ್ಲ. 45 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 2006ರ ಕಾಯಿದೆ ಹೇಳಿದರೂ ದೊಡ್ಡ ಖರೀದಿದಾರರಿಂದ ಬಾಕಿ ವಸೂಲು ಮಾಡುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ಗೊತ್ತಿದೆ. ಇಂತಹ ಸ್ಥಿತಿಯಲ್ಲಿ ಖಾಯಂ ನೌಕರರನ್ನು ಇಟ್ಟುಕೊಳ್ಳಲು ಉದ್ಯಮಿ ಅಂಜುವುದು ಸಹಜ. ಆದರೆ ಗುತ್ತಿಗೆದಾರನಿಗೆ ಕೊಡುವ ಸೇವಾಶುಲ್ಕ, ಮೂರು ತಿಂಗಳಿಗೊಮ್ಮೆ ಹೊಸಬರಿಗೆ ಕೆಲಸ ಕಲಿಸುವ ವೆಚ್ಚ, ತಿರಸ್ಕೃತವಾಗುವ ಮಾಲಿನ ನಷ್ಟ, ಇವನ್ನೆಲ್ಲ ಕೂಡಿಸಿದರೆ ಅಗ್ಗದ ಕೂಲಿ ನಿಜಕ್ಕೂ ಅಗ್ಗವೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕಪುಸ್ತಕದಲ್ಲಿಯೇ ಪರಿಶೀಲಿಸಬಹುದು.

ಮಾಡಬಹುದಾದದ್ದು

ಮೊದಲನೆಯದಾಗಿ, ಕೆಲಸಗಾರನನ್ನು ನಗರಕ್ಕೆ ಕರೆತರುವ ಬದಲು ಕೆಲಸವನ್ನು ತಾಲ್ಲೂಕು ಕೇಂದ್ರಗಳಿಗೆ ಒಯ್ಯಬೇಕು. ಇದು ಹೊಸ ವಿಚಾರವಲ್ಲ. ಕೃಷ್ಣರಾಜಸಾಗರದ ನೀರು ಹರಿದು ಕಬ್ಬು ಬೆಳೆಯತೊಡಗಿದಾಗ, 1933ರಲ್ಲಿ, ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿದ್ದು ಕಬ್ಬು ಮತ್ತು ಕೆಲಸಗಾರರಿಬ್ಬರೂ ಇದ್ದ ಮಂಡ್ಯದಲ್ಲಿ. ಮೈಸೂರಿನ ಮಗ್ಗಗಳಿಗೆ ರೇಷ್ಮೆ ನೂಲು ಬಿಚ್ಚಾಣಿಕೆಯಾಗುವುದು ತಿ. ನರಸೀಪುರದಲ್ಲಿ. ಹಾಲಿನ ಸಹಕಾರ ಸಂಘಗಳಂತೂ ಊರು ಬಿಡದೆಯೇ ಲಕ್ಷಾಂತರ ಕುಟುಂಬಗಳಿಗೆ ನಿಯತ ಆದಾಯ ತಂದಿವೆ. ಇಂದು ಜೋಡಣೆ, ಪ್ಯಾಕಿಂಗ್, ಹೊಲಿಗೆ, ಆಹಾರ ಸಂಸ್ಕರಣೆಯಂತಹ ಕೆಲಸಗಳನ್ನು ಹುಣಸೂರು, ಗುಂಡ್ಲುಪೇಟೆ, ಕೊಳ್ಳೇಗಾಲಗಳಲ್ಲಿ ಮಾಡಿಸಲು ಅಡ್ಡಿಯೇನು? ಆಹಾರ ಸಂಸ್ಕರಣೆಯ ತಂತ್ರಜ್ಞಾನಕ್ಕೆ 1950ರಿಂದ ನಮ್ಮ ಊರಿನಲ್ಲಿಯೇ ಸಿಎಫ್‌ಟಿಆರ್‌ಐ ಇದೆ. ಇದಕ್ಕೆ ಬೇಕಾದದ್ದು ತಾಲ್ಲೂಕುಗಳಲ್ಲಿ ಸಣ್ಣ ಅಳತೆಯ ನಿವೇಶನಗಳು ಮತ್ತು ವ್ಯತ್ಯಯವಿಲ್ಲದ ವಿದ್ಯುತ್. ಈ ಬೇಡಿಕೆಯನ್ನು ಸರ್ಕಾರದ ಮುಂದಿಡಬೇಕಾದವರು ನಾವೇ.

ಎರಡನೆಯದಾಗಿ, ಮಹಿಳೆಯರು. ಮದುವೆಯಾಗಿ ಮಕ್ಕಳಿರುವ ಹೆಣ್ಣುಮಗಳು ಊರು ಬಿಟ್ಟು ಬರಲಾರಳು, ಆದರೆ ಬೆಳಿಗ್ಗೆ ಹೋಗಿ ಸಂಜೆ ಮರಳುವಂತಿದ್ದರೆ ದುಡಿಯಲು ಸಿದ್ಧಳಿದ್ದಾಳೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಅವಳ ಬಸ್ಸಿನ ಖರ್ಚು ಉಳಿಯಿತು. ಆದರೆ ಪಾಳಿಯ ವೇಳೆಗೂ ಬಸ್ಸಿನ ವೇಳೆಗೂ ಹೊಂದಾಣಿಕೆಯಿಲ್ಲದಿದ್ದರೆ ಉಚಿತ ಪ್ರಯಾಣದಿಂದ ಪ್ರಯೋಜನವಿಲ್ಲ. ಕೈಗಾರಿಕಾ ಪ್ರದೇಶಗಳ ಸಂಘಗಳು ಸಾರಿಗೆ ಅಧಿಕಾರಿಗಳೊಂದಿಗೆ ಕುಳಿತು ವೇಳಾಪಟ್ಟಿಯನ್ನು ಸರಿಹೊಂದಿಸಿಕೊಳ್ಳುವುದು ಹೆಚ್ಚಿನ ಖರ್ಚಿಲ್ಲದೆ ಆಗುವ ಕೆಲಸ. ಹಲವು ಘಟಕಗಳು ಸೇರಿ ಒಂದು ಶಿಶುಪಾಲನಾ ಕೇಂದ್ರವನ್ನು ನಡೆಸುವುದೂ ಅಸಾಧ್ಯವೇನಲ್ಲ.

ಮೂರನೆಯದಾಗಿ, ನೇರ ನೇಮಕಾತಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಪ್ರತಿಯೊಬ್ಬ ಕಾರ್ಮಿಕನಿಗೂ ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ನೀಡಿವೆ. ಇದನ್ನು ಹೊರೆಯೆಂದು ನೋಡುವವರಿದ್ದಾರೆ. ಆದರೆ ಆರ್ಡರಿನ ಏರಿಳಿತಕ್ಕೆ ಹೊಂದಿಕೊಳ್ಳುತ್ತಲೇ ಕಾರ್ಮಿಕನನ್ನು ನಮ್ಮ ಹೆಸರಿನಲ್ಲಿಯೇ, ಗೌರವದಿಂದ ಸೇರಿಸಿಕೊಳ್ಳಲು ನಿಗದಿತ ಅವಧಿಯ ನೇಮಕಾತಿ ಒಂದು ಮಾರ್ಗವನ್ನು ತೆರೆದಿದೆ. ಹಳ್ಳಿಯ ಮನೆಯಲ್ಲಿ ಆ ಪತ್ರಕ್ಕಿರುವ ಬೆಲೆಯನ್ನು ನಾವು ಕಡಿಮೆಯೆಂದು ಭಾವಿಸಬಾರದು.

ನಮ್ಮ ಸಂಸ್ಥೆಯ ಹೊಣೆ

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಅದರ ವಿವರಗಳು ತಾಲ್ಲೂಕು ಮಟ್ಟದಲ್ಲಿ ನಮ್ಮ ಕೈಸೇರುವವರೆಗೆ ಕಾಯುತ್ತ ಕುಳಿತರೆ ಇನ್ನಷ್ಟು ವರ್ಷಗಳು ಕಳೆಯುತ್ತವೆ. ಆದ್ದರಿಂದ ನಮ್ಮ ಸಂಸ್ಥೆಯೇ ಒಂದು ಸರಳ ಸಮೀಕ್ಷೆಯನ್ನು ಕೈಗೊಳ್ಳಬೇಕೆಂಬುದು ನನ್ನ ವಿನಂತಿ. ಪ್ರತಿ ಸದಸ್ಯ ಘಟಕದಲ್ಲಿ ಎಷ್ಟು ಹುದ್ದೆಗಳು ಖಾಲಿಯಿವೆ, ಯಾವ ಕೌಶಲ ಬೇಕು, ಈಗ ಇರುವವರು ಯಾವ ತಾಲ್ಲೂಕಿನಿಂದ ಬಂದವರು, ಬಿಟ್ಟುಹೋದವರು ಎಷ್ಟು ತಿಂಗಳಿಗೆ ಮತ್ತು ಯಾವ ಕಾರಣಕ್ಕೆ ಬಿಟ್ಟರು ಎಂಬ ನಾಲ್ಕು ಪ್ರಶ್ನೆಗಳು ಸಾಕು. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಐಟಿಐಗಳ ಮುಂದೆ ಈ ಪಟ್ಟಿಯನ್ನಿಟ್ಟರೆ, ಯಾವ ತರಬೇತಿ ಯಾವ ಊರಿನಲ್ಲಿ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರ ನಮಗೆ ಹಿತವೆನಿಸದಿರಬಹುದು. ಆದರೂ ಅದನ್ನು ಕೇಳಲೇಬೇಕು. ಜನ ಹೇರಳವಾಗಿದ್ದ ಕಾಲದಲ್ಲಿ ಉದ್ಯಮಿಯು ಕೆಲಸಗಾರನನ್ನು ಆರಿಸುತ್ತಿದ್ದ. ಜನ ವಿರಳವಾಗುವ ಕಾಲದಲ್ಲಿ ಕೆಲಸಗಾರನೇ ಉದ್ಯಮವನ್ನು ಆರಿಸುತ್ತಾನೆ. ನಮ್ಮ ಭಾಗದಲ್ಲಿ ಆ ಕಾಲ ಆಗಲೇ ಆರಂಭವಾಗಿದೆ. ಇದನ್ನು ಮೊದಲೇ ಮನಗಂಡ ಘಟಕಗಳು ಉಳಿಯುತ್ತವೆ. ಅವುಗಳೊಂದಿಗೆ ನಮ್ಮ ಸುತ್ತಲಿನ ಹಳ್ಳಿಗಳ ದೀಪಗಳೂ ಉಳಿಯುತ್ತವೆ.