ಕಪ್ಪು ಹೊಗೆಗೆ ಪ್ಲಗ್ ಕಾರಣವೇ?

ಮಕ್ಕಳೇ, ನಾನು ಹೈಸ್ಕೂಲಿನಲ್ಲಿದ್ದಾಗ ಮಾವನ ಹಳೆಯ ಪ್ರೀಮಿಯರ್ ಪದ್ಮಿನಿಯಲ್ಲಿ ಜವಳಗಿರಿಯಿಂದ ಊಟಿಗೆ ಹೋಗಿದ್ದೆವು. ಮೇಟ್ಟುಪಾಳ್ಯದವರೆಗೆ ಗಾಡಿ ಚೆನ್ನಾಗಿ ಓಡಿತು. ಕೂನೂರು ಘಾಟಿ ಹತ್ತುತ್ತಿದ್ದಂತೆ ಪಿಕಪ್ ಇಲ್ಲ, ಹಿಂದೆ ಕಪ್ಪು ಹೊಗೆ, ಒಳಗೆಲ್ಲ ಪೆಟ್ರೋಲ್ ವಾಸನೆ. ಮೇಲೆ ಒಂದು ವರ್ಕ್‌ಶಾಪಿನಲ್ಲಿ ಪ್ಲಗ್ ಬಿಚ್ಚಿ ನೋಡಿದರು, ಮಸಿ ಹಿಡಿದಿತ್ತು. ನಾಲ್ಕೂ ಪ್ಲಗ್ ಬದಲಿಸಿ ದುಡ್ಡು ತೆಗೆದುಕೊಂಡರು. ಮರುದಿನ ಹೊಸ ಪ್ಲಗ್ಗಿಗೂ ಮಸಿ! ಘಾಟಿ ಇಳಿದ ಮೇಲೆ ಯಾರೂ ಏನೂ ಮಾಡದೆಯೇ ಹೊಗೆ ನಿಂತಿತು. "ನಮ್ಮ ಗಾಡಿಗೆ ಬೆಟ್ಟದ ಗಾಳಿ ಆಗಿಬರಲಿಲ್ಲ ಕಣೋ" ಅಂತ ಮಾವ ನಕ್ಕರು. ತಮಾಷೆಗೆ ಹೇಳಿದ ಆ ಮಾತೇ ಸರಿಯಾದ ಉತ್ತರ ಅಂತ ನನಗೆ ತಿಳಿದದ್ದು ಬಿಎಸ್ಸಿ ಓದುವಾಗ.

ಹೇಗೆ ಅಂತ ನೋಡಿ. ಹಳೆಯ ಕಾರುಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವುದು ಕಾರ್ಬ್ಯುರೇಟರ್. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಪಾದರಸದ 760 ಮಿ.ಮೀ. ಸುಮಾರು 900 ಮೀಟರ್ ಎತ್ತರದ ನಮ್ಮ ಹೊಸೂರು ಸೀಮೆಯಲ್ಲಿ 680ರ ಆಸುಪಾಸು. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ 580 ಮಾತ್ರ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಶೇ. 20ರಷ್ಟು ಕಡಿಮೆ. ಎಂಜಿನ್ ಎಳೆದುಕೊಳ್ಳುವ ಗಾಳಿಯ ಗಾತ್ರ ಅಷ್ಟೇ, ಆದರೆ ತೂಕ ಕಡಿಮೆ. ಪೆಟ್ರೋಲ್ ಮಾತ್ರ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ, ಸಾಂದ್ರತೆಯ ವರ್ಗಮೂಲದಷ್ಟು ಇಳಿಯುತ್ತದೆ. 0.8ರ ವರ್ಗಮೂಲ ಸುಮಾರು 0.89. ಅಂದರೆ ಗಾಳಿ ಶೇ. 20 ಕಡಿಮೆಯಾದರೆ ಪೆಟ್ರೋಲ್ ಶೇ. 11 ಮಾತ್ರ ಕಡಿಮೆ. 14.7 ಇದ್ದದ್ದು 13.2 ಆಗುತ್ತದೆ. ಉರಿಯದೆ ಉಳಿದ ಪೆಟ್ರೋಲೇ ಮಸಿ, ಹೊಗೆ, ವಾಸನೆ.

ಇದನ್ನು ಸರಿದೂಗಿಸಲು ಕೆಲವು ಕಾರ್ಬ್ಯುರೇಟರ್‌ಗಳಿಗೆ ಒಂದು ಏರ್ಪಾಡು ಸೇರಿಸಿದರು. ಅಮೆರಿಕದಲ್ಲಿ ಎತ್ತರದ ಊರುಗಳಲ್ಲಿ ಮಾರುವ ಕಾರುಗಳ ಹೊಗೆಗೆ 1977ರಲ್ಲಿ ಪ್ರತ್ಯೇಕ ನಿಯಮ ಬಂದಿತ್ತು. ಆ ಏರ್ಪಾಡಿನೊಳಗೆ ಗಾಳಿ ತೆಗೆದು ಮುಚ್ಚಿದ ಲೋಹದ ಡಬ್ಬಿ ಇರುತ್ತದೆ. ನಿಮ್ಮ ಪುಸ್ತಕದ ಅನಿರಾಯ್ಡ್ ವಾಯುಭಾರಮಾಪಕದಲ್ಲಿ ಇರುವಂಥದ್ದೇ. ಚಿಪ್ಸ್ ಪೊಟ್ಟಣ ಊಟಿಗೆ ಹೋದರೆ ಉಬ್ಬುತ್ತದಲ್ವಾ? ಹಾಗೆಯೇ ಒತ್ತಡ ಇಳಿದಾಗ ಡಬ್ಬಿ ಉಬ್ಬಿ, ಒಂದು ಪುಟ್ಟ ಕವಾಟ ತೆರೆದು, ಹೆಚ್ಚು ಗಾಳಿ ಬಿಡುತ್ತದೆ. ಡಬ್ಬಿಗೆ ಸಣ್ಣ ತೂತು ಬಿದ್ದರೂ ಒಳಗೂ ಹೊರಗೂ ಒತ್ತಡ ಒಂದೇ ಆಗಿ, ಅದು ಸುಮ್ಮನೆ ಕೂತುಬಿಡುತ್ತದೆ.

ಹಾಗಾದರೆ ಹೊಗೆ ಕಂಡ ಕೂಡಲೇ ಆ ಡಬ್ಬಿಯನ್ನೇ ಬದಲಿಸಬೇಕಾ? ಖಂಡಿತ ಬೇಡ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದರೂ, ಚೋಕ್ ಸಿಕ್ಕಿಕೊಂಡರೂ, ಫ್ಲೋಟ್ ಮಟ್ಟ ಹೆಚ್ಚಾದರೂ ಇದೇ ಹೊಗೆ. ಮೊದಲ ಪ್ರಶ್ನೆ: ಕೆಳಗೆ ಇಳಿದಾಗ ಹೊಗೆ ನಿಲ್ಲುತ್ತದಾ? ನಿಲ್ಲದಿದ್ದರೆ ಎತ್ತರದ ಮೇಲೆ ತಪ್ಪು ಹೊರಿಸಬೇಡಿ. ಫಿಲ್ಟರ್, ಚೋಕ್, ಫ್ಲೋಟ್ ಒಂದೊಂದಾಗಿ ನೋಡಿ. ನಿಂತರೆ ಎರಡನೆಯ ಪ್ರಶ್ನೆ: ಗಾಡಿಗೆ ಆ ಏರ್ಪಾಡು ಇದೆಯಾ? ಮಾವನ ಪದ್ಮಿನಿಯಲ್ಲಿ ಇರಲಿಲ್ಲ. ಇದ್ದರೆ, ಅದರ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯೇ ನೋಡಬೇಕು. ಆಮೇಲೆ ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿರುವಾಗ ಅದು ಗಾಳಿ ಎಳೆಯುವ ಬಾಯಿಗೆ ಬೆರಳಿಡಬೇಕು. ಬೆಟ್ಟದ ಮೇಲೆ ಎಂಜಿನ್ ಸದ್ದು ಬದಲಾಗಬೇಕು, ಬಯಲಿನಲ್ಲಿ ಬದಲಾಗಬಾರದು. ಇದನ್ನು ಮೆಕ್ಯಾನಿಕ್ ಪಕ್ಕದಲ್ಲಿದ್ದಾಗ ಮಾತ್ರ ಮಾಡಿ, ಫ್ಯಾನಿನ ಹತ್ತಿರ ಕೈ ಬೇಡ.

"ಕಾರ್ಬ್ಯುರೇಟರ್ ಕಾಲ ಮುಗೀತಲ್ಲ ಸಾರ್, ಇದೆಲ್ಲ ಯಾಕೆ?" ಅಂತ ನೀವು ಕೇಳಬಹುದು. ನಿಜ, ಈಗಿನ ಗಾಡಿಗಳಲ್ಲಿ ಒತ್ತಡ ಅಳೆಯಲು ಸೆನ್ಸರ್ ಇದೆ. ಆದರೆ ಸೆನ್ಸರೂ ಕೆಡುತ್ತದೆ. ಸ್ಕ್ಯಾನರ್ ಒಂದು ಕೋಡ್ ತೋರಿಸುತ್ತದೆ. ಕೆಟ್ಟದ್ದು ಸೆನ್ಸರೋ, ವೈರೋ, ಪೈಪೋ ಅಂತ ಹುಡುಕಬೇಕಾದವರು ನೀವೇ. ಕೋಡ್ ನೋಡಿ ಸೆನ್ಸರ್ ಬದಲಿಸುವುದಕ್ಕೂ ಮಸಿ ನೋಡಿ ಪ್ಲಗ್ ಬದಲಿಸುವುದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಇದರಲ್ಲಿ ಮೇಷ್ಟ್ರುಗಳ ತಪ್ಪೂ ಇದೆ. ವಾಯುಭಾರಮಾಪಕದ ಚಿತ್ರ ಬರೆದರೆ ಅಂಕ ಕೊಡುತ್ತೇವೆ. "ಹೊಗೆ ಬಂದರೆ ಮೊದಲು ಏನು ನೋಡುತ್ತೀರಿ, ಯಾಕೆ?" ಅಂತ ಕೇಳುವುದೇ ಇಲ್ಲ. ಈ ವರ್ಷದಿಂದ ನನ್ನ ತರಗತಿಯ ಕಿರುಪರೀಕ್ಷೆಯಲ್ಲಿ ಅಂಥ ಒಂದು ಪ್ರಶ್ನೆ ಇಡುತ್ತೇನೆ. ಉತ್ತರ ತಪ್ಪಿದರೂ ಹುಡುಕಿದ ಕ್ರಮ ಸರಿ ಇದ್ದರೆ ಅಂಕ ಉಂಟು.

ನಿಮ್ಮಲ್ಲಿ ಹಲವರು ನಾಳೆ ಐಟಿಐ ಸೇರುತ್ತೀರಿ, ಹೊಸೂರಿನ ಕಾರ್ಖಾನೆಗಳಿಗೆ ಹೋಗುತ್ತೀರಿ. ಅಲ್ಲಿ ಪಾರ್ಟಿನ ಹೆಸರು ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇರುತ್ತದೆ, ಹತ್ತು ದಿನದಲ್ಲಿ ಕಲಿಯಬಹುದು. ಕನ್ನಡದಲ್ಲಿ ಓದಿದವರು ಹಿಂದೆ ಬೀಳುತ್ತೇವೆ ಅನ್ನುವ ಅಳುಕು ಬೇಡ. ವರ್ಗಮೂಲ, ಒತ್ತಡ, ಸಾಂದ್ರತೆ ಎಲ್ಲವನ್ನೂ ಈಗ ಕನ್ನಡದಲ್ಲೇ ಲೆಕ್ಕ ಹಾಕಿದೆವಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತು ನೋಡಿ, ಬರೆದಿಡಿ. ಪ್ಲಗ್ಗಿನ ದುಡ್ಡು ಉಳಿಯುತ್ತದೆ.