ಆರಿದ ದೀಪಗಳ ಕಾರು

ಭಾನುವಾರ ಬೆಳಿಗ್ಗೆ ಪುಣೆಯಲ್ಲೋ ನವಿ ಮುಂಬಯಿಯಲ್ಲೋ ಹಳೆ ಕಾರು ನೋಡಲು ಹೋದವರಿಗೆ ಸಿಗುವ ಸ್ವಾಗತ ಹೆಚ್ಚುಕಡಿಮೆ ಒಂದೇ ಬಗೆಯದು. ಕಾರನ್ನು ತೊಳೆದು ಒರೆಸಿ ನಿಲ್ಲಿಸಿರುತ್ತಾರೆ. ಟೈರಿಗೆ ಕಪ್ಪು ಪಾಲಿಶ್, ಒಳಗೆ ನಿಂಬೆಹಣ್ಣಿನ ವಾಸನೆ, ಎಂಜಿನ್ ಆಗಲೇ ಚಾಲೂ, ಏಸಿ ತಣ್ಣಗೆ. ಕೂತವರ ಕಣ್ಣು ನೇರವಾಗಿ ಓಡೋಮೀಟರಿಗೆ ಹೋಗುತ್ತದೆ. 52,000 ಕಿಲೋಮೀಟರ್, ಪರವಾಗಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದೂ ಎಚ್ಚರಿಕೆಯ ದೀಪ ಉರಿಯುತ್ತಿಲ್ಲ, ಇನ್ನೂ ಒಳ್ಳೆಯದು. ಮಾತು ಬೆಲೆಗೆ ತಿರುಗುತ್ತದೆ.

ತಕರಾರು ಇರುವುದು ಆ ಚಾಲೂ ಎಂಜಿನ್ನಿನ ಬಗ್ಗೆಯೇ. ಕಾರಿನ ದೀಪಗಳು ಏನಾದರೂ ಹೇಳುವುದಿದ್ದರೆ ಅದನ್ನು ಎಂಜಿನ್ ಎದ್ದೇಳುವ ಮೊದಲಿನ ಕೆಲವು ಕ್ಷಣಗಳಲ್ಲಿ ಹೇಳುತ್ತವೆ. ಕೀಲಿಯನ್ನು ಸ್ಟಾರ್ಟ್‌ಗೆ ಮೊದಲಿನ ಹಂತದವರೆಗೆ ತಿರುಗಿಸಿ ನಿಲ್ಲಿಸಿದರೆ, ಬಟನ್ ಇರುವ ಕಾರಾದರೆ ಬ್ರೇಕ್ ಪೆಡಲ್ ಅಥವಾ ಕ್ಲಚ್ ತುಳಿಯದೆ ಬಟನ್ ಒತ್ತಿದರೆ, ಮುಖ್ಯ ದೀಪಗಳೆಲ್ಲ ಹತ್ತಬೇಕು. ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಂಡು ಕೆಲವು ಸೆಕೆಂಡುಗಳಲ್ಲಿ ಆರುತ್ತವೆ. ಆಯಿಲ್ ಒತ್ತಡದ ಕೆಂಪು ದೀಪ, ಬ್ಯಾಟರಿಯ ದೀಪ, ಎಂಜಿನ್ ಚಿತ್ರದ ಹಳದಿ ದೀಪ ಸಾಮಾನ್ಯವಾಗಿ ಎಂಜಿನ್ ಚಾಲೂ ಆಗುವ ತನಕ ಉರಿದು ಆಮೇಲೆ ಆರುತ್ತವೆ. ಎಂಜಿನ್ ಮೊದಲೇ ಚಾಲೂ ಇದ್ದರೆ ಈ ನಾಟಕದ ಮೊದಲ ಅಂಕವೇ ತಪ್ಪಿಹೋಗುತ್ತದೆ.

ಇದು ಗೊತ್ತಿಲ್ಲದವರು ಉರಿಯುವ ದೀಪಕ್ಕೆ ಹೆದರುತ್ತಾರೆ, ಗೊತ್ತಿದ್ದವರು ಹತ್ತದ ದೀಪಕ್ಕೆ. ಉರಿಯುವ ದೀಪವಾದರೂ ಪ್ರಾಮಾಣಿಕ. ಎಂಜಿನ್ ದೀಪ ಹತ್ತಿದ್ದರೆ ಕಾರಣ ಕೆಟ್ಟ ಆಕ್ಸಿಜನ್ ಸೆನ್ಸರ್ ಇರಬಹುದು, ಇನ್ನೂ ದೊಡ್ಡದಿರಬಹುದು. ಏನೇ ಆದರೂ ಮೆಕ್ಯಾನಿಕ್ ನೋಡಿ ಒಂದು ಖರ್ಚು ಹೇಳುತ್ತಾನೆ, ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬಹುದು. ಹತ್ತಬೇಕಾದಾಗಲೂ ಹತ್ತದ ದೀಪದ ಹಿಂದೆ ಬಲ್ಬು ಕಿತ್ತಿರಬಹುದು, ತಂತಿ ಕತ್ತರಿಸಿರಬಹುದು. ಇದಕ್ಕಿಂತ ಜಾಣತನದ ಕೆಲಸವೂ ಉಂಟು: ಏರ್‌ಬ್ಯಾಗ್ ದೀಪದ ತಂತಿಯನ್ನು ಪಕ್ಕದ ಇನ್ನೊಂದು ದೀಪಕ್ಕೆ ಜೋಡಿಸಿಬಿಡುವುದು. ಆಗ ಅದು ಹತ್ತುತ್ತದೆ, ಆರುತ್ತದೆ, ಆದರೆ ತನ್ನ ಲೆಕ್ಕದಲ್ಲಲ್ಲ, ಪಕ್ಕದ್ದರ ಲೆಕ್ಕದಲ್ಲಿ. ಎರಡು ದೀಪ ಒಂದೇ ಗಳಿಗೆಗೆ ಆರಿದರೆ ಅನುಮಾನಿಸಲು ಅಷ್ಟು ಸಾಕು.

ಎಲ್ಲಕ್ಕಿಂತ ಕ್ರೂರವಾದದ್ದು ರೆಸಿಸ್ಟರ್. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರಿಗೆ ಹೊಸ ಏರ್‌ಬ್ಯಾಗ್ ಹಾಕಿಸುವುದು ದುಬಾರಿ. ಅದರ ಜಾಗದಲ್ಲಿ ಕೆಲವೇ ರೂಪಾಯಿಯ ಒಂದು ರೆಸಿಸ್ಟರ್ ಜೋಡಿಸಿ ಮುಚ್ಚಳ ಹಾಕಿದರೆ ಕಾರಿನ ಕಂಪ್ಯೂಟರು ಏರ್‌ಬ್ಯಾಗ್ ಇದೆ ಎಂದೇ ನಂಬುತ್ತದೆ. ದೀಪ ಸರಿಯಾಗಿ ಹತ್ತಿ ಸರಿಯಾಗಿ ಆರುತ್ತದೆ. ಇಂಥ ಕಡೆ ದೀಪದ ಮಾತನ್ನೂ ಬದಿಗಿಟ್ಟು ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡಬೇಕಾಗುತ್ತದೆ. ಬೆಲ್ಟಿನ ಲೇಬಲ್ಲಿನ ಮೇಲಿರುವ ತಯಾರಿಕೆಯ ದಿನಾಂಕ ಕಾರಿನ ವಯಸ್ಸಿಗೆ ಹೊಂದದಿದ್ದರೆ, ಬೆಲ್ಟು ಅರ್ಧಕ್ಕೇ ಸಿಕ್ಕಿಕೊಂಡರೆ, ಸ್ಟಿಯರಿಂಗ್ ನಡುವಿನ ಮುಚ್ಚಳದ ಬಣ್ಣ ಉಳಿದದ್ದಕ್ಕಿಂತ ಹೊಸದಾಗಿ ಕಂಡರೆ ಪ್ರಶ್ನೆ ಕೇಳಲೇಬೇಕು.

ಮಳೆಯ ಊರುಗಳಲ್ಲಿ ಇನ್ನೊಂದು ಕತೆ. 2015ರ ಡಿಸೆಂಬರಿನಲ್ಲಿ ಚೆನ್ನೈ, 2020ರ ಅಕ್ಟೋಬರಿನಲ್ಲಿ ಹೈದರಾಬಾದ್, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆಯ ಬಡಾವಣೆಗಳು ನೀರಿನಲ್ಲಿ ನಿಂತವು, ಕಾರುಗಳೂ ನಿಂತವು. ಮುಳುಗಿದ ಕಾರನ್ನು ಒಣಗಿಸಿ ಸೀಟಿನ ಬಟ್ಟೆ ಬದಲಿಸಿದರೆ ಮೇಲ್ನೋಟಕ್ಕೆ ಏನೂ ತಿಳಿಯದು. ಆದರೆ ಹೆಚ್ಚಿನ ಕಾರುಗಳಲ್ಲಿ ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ಇರುವುದೇ ಗೇರಿನ ಹತ್ತಿರ, ನೆಲಕ್ಕೆ ಅಂಟಿಕೊಂಡು. ಒಳಗೆ ಬಂದ ನೀರು ಬೇಗ ಮುಟ್ಟುವ ಜಾಗ ಅದು. ತಂತಿಯ ಜೋಡಣೆಗಳಲ್ಲಿ ಹಸಿರು ಕಿಲುಬು ಕೂರಲು ತಿಂಗಳುಗಳು ಬೇಕು, ಅಷ್ಟರಲ್ಲಿ ಕಾರು ಬೇರೆ ಊರಿನಲ್ಲಿ ಬೇರೆಯವರ ಹೆಸರಿನಲ್ಲಿರುತ್ತದೆ.

ಇಷ್ಟಕ್ಕೂ ಇದನ್ನೆಲ್ಲ ಕೊಳ್ಳುವವನೇ ಏಕೆ ನೋಡಬೇಕು? ಬೇರೆ ಯಾರೂ ನೋಡುವುದಿಲ್ಲ ಎಂಬುದಕ್ಕೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ಯಾಕ್ಸಿಗೆ, ಲಾರಿಗೆ, ಬಸ್ಸಿಗೆ ಆಗಾಗ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ, ಅಲ್ಲಿಯವರೆಗೆ ಅದರ ಬ್ರೇಕನ್ನು ಸರ್ಕಾರದ ಪರವಾಗಿ ಯಾರೂ ತುಳಿದು ನೋಡಬೇಕಾಗಿಲ್ಲ. ಆ ನಡುವೆ ಕಾರು ಮೂರು ಕೈ ಬದಲಿಸಿದ್ದರೂ ಅಷ್ಟೇ. ಮಾಲೀಕತ್ವದ ವರ್ಗಾವಣೆಗೆ ಫಾರಂ 29, ಫಾರಂ 30, ವಿಮೆ, ಪಿಯುಸಿ. ಪಿಯುಸಿ ನೋಡುವುದು ಹೊಗೆಯನ್ನು ಮಾತ್ರ. ಬ್ರೇಕ್ ಹಿಡಿಯದ ಕಾರಿನ ಹೊಗೆಯೂ ಶುದ್ಧವಾಗಿರಬಹುದು. 2023ರ ಏಪ್ರಿಲ್‌ನಿಂದ ಹಳೆ ಕಾರಿನ ವ್ಯಾಪಾರಿಗಳು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದದ್ದು ಒಳ್ಳೆಯದೇ ಆಯಿತು. ಕಾರು ವ್ಯಾಪಾರಿಯ ಕೈಯಲ್ಲಿದ್ದಾಗ ಹೊಣೆ ಯಾರದ್ದು ಎಂಬ ಗೊಂದಲವನ್ನು ಅದು ಬಿಡಿಸಿತು. ಆ ಕಾರು ರಸ್ತೆಗೆ ಯೋಗ್ಯವೇ ಎಂಬ ಪ್ರಶ್ನೆಗೆ ಮಾತ್ರ ಕೈಹಾಕಲಿಲ್ಲ.

ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಸಾಮಾನ್ಯ ಕಾರು ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುತ್ತದೆ. ಅಲ್ಲಿ ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪ ದೋಷ ತೋರಿಸಿದರೆ ಕಾರು ನಪಾಸು. ಹಳೆಯ ತಪಾಸಣೆಗಳ ಫಲಿತಾಂಶವನ್ನು, ಆಗಿನ ಓಡೋಮೀಟರ್ ಅಂಕಿಯನ್ನು, ನಂಬರ್ ಪ್ಲೇಟಿನ ಸಂಖ್ಯೆ ಗೊತ್ತಿದ್ದ ಯಾರು ಬೇಕಾದರೂ ಆನ್‌ಲೈನಿನಲ್ಲಿ ಉಚಿತವಾಗಿ ನೋಡಬಹುದು. ಅಂಥದ್ದನ್ನು ಇಲ್ಲಿಗೆ ತಂದರೆ ಪಿಯುಸಿಯ ಗತಿಯೇ ಅದಕ್ಕೂ ಬರುತ್ತದೆ, ಏಜೆಂಟರ ಪಟ್ಟಿಗೆ ಇನ್ನೊಂದು ಫೀಸು ಸೇರುತ್ತದೆ ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ವರ್ಷ ವರ್ಷ ಬೇಡ, ಕಾರು ಕೈ ಬದಲಿಸುವಾಗ ಒಮ್ಮೆಯಾದರೂ ಆಗಬೇಕು. ಅದನ್ನು ಮನುಷ್ಯನ ಸಹಿಗೆ ಪೂರ್ತಿ ಬಿಡಬೇಕಾದ್ದೂ ಇಲ್ಲ. ಈಚಿನ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗೆ ಓಬಿಡಿ ಎಂಬ ಕಿಂಡಿಯಿದೆ. ಅಲ್ಲಿ ಸ್ಕ್ಯಾನರ್ ಚುಚ್ಚಿದರೆ ಕಾರೇ ತನ್ನ ದೋಷಗಳ ಪಟ್ಟಿ ಕೊಡುತ್ತದೆ. ಆ ಪಟ್ಟಿಯನ್ನು ಫಾರಂ 29ರ ಜೊತೆ ಲಗತ್ತಿಸುವುದು ಅಸಾಧ್ಯದ ಕೆಲಸವಲ್ಲ.

ಕಾನೂನು ಬರುವವರೆಗೆ ಸ್ಕ್ಯಾನರ್ ಕೊಳ್ಳುವವನ ಜೇಬಿನಲ್ಲಿರಬೇಕು. ಫೋನಿಗೆ ಬ್ಲೂಟೂತಿನಲ್ಲಿ ಸೇರುವ ಸಾದಾ ಸಾಧನ ಒಂದು ಹೊತ್ತಿನ ಹೋಟೆಲ್ ಊಟಕ್ಕಿಂತ ಬಹಳ ದುಬಾರಿಯೇನಲ್ಲ. ದೋಷದ ಪಟ್ಟಿ ಖಾಲಿ ಬಂದ ತಕ್ಷಣ ಹಿಗ್ಗಬಾರದು. ಬೆಳಿಗ್ಗೆಯಷ್ಟೇ ಅದನ್ನು ಅಳಿಸಿರಬಹುದು. ಅಳಿಸಿದ ಮೇಲೆ ಕಾರಿನ ಕಂಪ್ಯೂಟರು ತನ್ನ ಸ್ವಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಮಾಡಬೇಕು, ಅದಕ್ಕೆ ಹಲವು ಓಟ ಬೇಕಾಗುತ್ತದೆ. ಅಲ್ಲಿಯವರೆಗೆ ಸ್ಕ್ಯಾನರ್ ಆ ಪರೀಕ್ಷೆಗಳು ಅಪೂರ್ಣ ಎಂದು ತೋರಿಸುತ್ತಿರುತ್ತದೆ. ದೋಷ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕವೂ ಹಲವು ಕಾರುಗಳಲ್ಲಿ ಸಿಗುತ್ತದೆ. ಆರು ವರ್ಷದ ಕಾರಿನಲ್ಲಿ ಆ ಅಂಕಿ 4 ಎಂದಿದ್ದರೆ ಮಾರುವವನಿಗೆ ಕಾರಣ ಕೇಳಬೇಕು. ಕೆಲವೊಮ್ಮೆ ಬ್ಯಾಟರಿ ಬದಲಿಸಿದ್ದೂ ಕಾರಣವಾಗಿರುತ್ತದೆ, ಆಗ ಬಿಲ್ಲು ತೋರಿಸುತ್ತಾನೆ.

ಹಿಂದೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಮಾರುವವನು ಅದನ್ನು ಅವಮಾನವೆಂದು ತಿಳಿಯುತ್ತಿರಲಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ನಗರದ ಓದಿದ ಜನಕ್ಕೆ ಒಂದು ದಾಕ್ಷಿಣ್ಯ, ಅದರಲ್ಲೂ ಮಾರುವವನು ನಮ್ಮ ಕಡೆಯವನೇ ಆಗಿಬಿಟ್ಟರೆ. ದೆಹಲಿಯ ಕನ್ನಡ ಸಂಘದಲ್ಲಿ ಪರಿಚಯವಾದವರ ಕಾರನ್ನು ಬಾನೆಟ್ ಎತ್ತಿ ನೋಡುವುದು ಹೇಗೆ ಎಂದು ಹಿಂಜರಿದು, ಕಾಫಿ ಕುಡಿದು, ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಪರಿಚಯದವರು ಮೋಸ ಮಾಡುತ್ತಾರೆಂದಲ್ಲ. ತಮ್ಮ ಕಾರಿನ ಎಬಿಎಸ್ ದೀಪ ಬೆಳಗಿನ ಹೊತ್ತು ಹತ್ತುವುದು ನಿಂತು ಎರಡು ವರ್ಷವಾಯಿತು ಎಂಬುದು ಅವರಿಗೇ ಗೊತ್ತಿರುವುದಿಲ್ಲ.

ಆದ್ದರಿಂದ ಮೊದಲ ಭೇಟಿಯಲ್ಲಿ ಎಂಜಿನ್ ಬಿಸಿಯಾಗಿದ್ದರೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, 'ಚೆನ್ನಾಗಿದೆ, ನಾಳೆ ಏಳು ಗಂಟೆಗೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ' ಎಂದು ಹೇಳಿ ಬರುವುದೇ ಸರಿ. ಒಪ್ಪಿದರೆ ಮರುದಿನ ಕೀಲಿಯನ್ನು ಅರ್ಧಕ್ಕೆ ತಿರುಗಿಸಿ, ಫೋನಿನಲ್ಲಿ ಡ್ಯಾಶ್‌ಬೋರ್ಡಿನ ವೀಡಿಯೋ ಹಿಡಿದು, ಯಾವ ದೀಪ ಯಾವಾಗ ಆರಿತು ಎಂದು ಮನೆಗೆ ಬಂದು ನಿಧಾನವಾಗಿ ನೋಡಬಹುದು. ಒಪ್ಪದಿದ್ದರೆ ಆ ಬೀದಿಯಲ್ಲಿ ಇನ್ನೂ ನಾಲ್ಕು ಕಾರು ಮಾರಾಟಕ್ಕಿರುತ್ತವೆ.